ನಾನು ಕಚ್ಚಿ ಕೊಟ್ಟ ಹಣ್ಣು

ಅನ್ವಿ ಮಗಾ,

ನಾಳೆ ಬ್ರಹ್ಮಾವರದ ನಿಮ್ಮ ಮನೆಯಲ್ಲಿ ನಿನ್ನ ಕಿವಿ ಚುಚ್ಚುತ್ತಾರೆ. ಒಂದನೇ ವರ್ಷಕ್ಕೇ ಆಗಬೇಕಾಗಿದ್ದದ್ದು, ಮೊದಲು ನಿನ್ನ ಅಜ್ಜನ ಸೂತಕ, ಆಮೇಲೆ ಮುಂಬೈಯ ಹೋಟೆಲ್ ಬಿಟ್ಟು ಬರಲಾಗದ ನಿನ್ನ ಅಪ್ಪನ ಕೆಲಸ, ಹೀಗೆ ಮುಂದೆ ಹೋಗಿ ಐದನೇ ವರ್ಷಕ್ಕೆ ಬಂದಿದೆ. ನಮ್ಮಲ್ಲಿ ಕಿವಿ ಚುಚ್ಚುವಾಗ ಮಗು ಸೋದರಮಾವನ ಮಡಿಲಲ್ಲಿ ಕೂರಬೇಕು. ನಿನ್ನ ಅಮ್ಮನಿಗೆ ಒಡಹುಟ್ಟಿದವನು ನಾನೊಬ್ಬನೇ. ಆದರೆ ಆ ಮಡಿಲು ನನ್ನದಾಗಬೇಕಾದರೆ ಒಂದು ಮಾತನ್ನು ಮಾತ್ರ ಬಾಯಿ ಬಿಟ್ಟು ಹೇಳಕೂಡದು ಎಂದು ನಿನ್ನ ಅಪ್ಪ ಮೂರು ತಿಂಗಳ ಹಿಂದೆಯೇ ಹೇಳಿದ್ದರು. ಆ ಮಾತನ್ನೇ ಈಗ ನಿನಗೆ ಬರೆಯುತ್ತಿದ್ದೇನೆ.

ಆಗ ನಾವು ಹೋಗಿದ್ದ ಬಾರ್ಬಡೋಸ್ ನಿನಗೆ ಎಷ್ಟು ನೆನಪಿರುತ್ತದೋ ಗೊತ್ತಿಲ್ಲ. ಕ್ರಿಕೆಟ್ ನೋಡುವವನಾದ್ದರಿಂದ ಹೆಸರು ನನಗೆ ಗೊತ್ತಿತ್ತು, ಭೂಪಟದಲ್ಲಿ ಎಲ್ಲಿದೆ ಎಂದು ಗೊತ್ತಿರಲಿಲ್ಲ. ನಿನ್ನ ಅಪ್ಪ ಅಮ್ಮ, ಅಂದರೆ ಜಿತೇಂದ್ರ ಭಾವ ಮತ್ತು ಅಮಿತಕ್ಕನ ಮದುವೆಗೆ ಹತ್ತು ವರ್ಷ ತುಂಬಿತ್ತು. ಬೇರೆಯವರೆಲ್ಲ ದುಬೈ, ಥಾಯ್ಲೆಂಡ್ ಎನ್ನುವಾಗ ಯಾರೂ ಹೋಗದ ದ್ವೀಪಕ್ಕೆ ಹೋಗಬೇಕೆಂದು ಭಾವನಿಗೆ ಹಟ. "ಮಗಿನ್ ಹಿಡ್ಕಂಬುಕೆ ಒಂದ್ ಜನ ಬೇಕಲೆ, ಇವ ಹ್ಯಾಂಗೂ ಖಾಲಿ ಇದ್ದ" ಎಂದು ನನ್ನನ್ನೂ ಕರೆದುಕೊಂಡು ಹೋದರು. ಅವರು ಹೇಳಿದ್ದು ಸುಳ್ಳಲ್ಲ. ಪಿಯುಸಿ ಮೊದಲ ವರ್ಷದಲ್ಲೇ ಕಾಲೇಜು ಬಿಟ್ಟವನು ನಾನು. ಕೋಟೇಶ್ವರದ ಮೊಬೈಲ್ ಅಂಗಡಿ, ಗಂಗೊಳ್ಳಿಯ ಐಸ್ ಪ್ಲಾಂಟ್, ಬೈಂದೂರಿನ ಟೈಲ್ಸ್ ಅಂಗಡಿ, ಎಲ್ಲಿಯೂ ಆರು ತಿಂಗಳು ನಿಂತಿರಲಿಲ್ಲ. ಹಿಡಿದ ಕೆಲಸಗಳಲ್ಲಿ ನಾನಾಗಿ ಬಿಡದೆ ಇದ್ದದ್ದು ನಿನ್ನನ್ನು ಎತ್ತಿಕೊಳ್ಳುವುದೊಂದೇ.

ಅಲ್ಲಿಯ ಕಡಲು ನೋಡಿ ನೀನು ಮೊದಲು ಹೇಳಿದ್ದು, "ಮಾವ, ಇದಕ್ಕೆ ಸೌಂಡೇ ಇಲ್ಲ!" ನಿಜ. ನಮ್ಮೂರು ಬೀಜಾಡಿಯಲ್ಲಿ ನಿದ್ದೆಯಲ್ಲೂ ಕೇಳುವ ಅಬ್ಬರ ಅಲ್ಲಿಲ್ಲ. ನೀರು ತಟ್ಟೆಯಲ್ಲಿಟ್ಟ ಹಾಗೆ ಇತ್ತು. ಎರಡು ದಿನ ನೀನು ನೀರಿನಿಂದ ಮೇಲೆ ಬರಲೇ ಇಲ್ಲ.

ಮೂರನೇ ದಿನ ಅಕ್ಕ, ಭಾವ ದೋಣಿಯಲ್ಲಿ ಊಟಕ್ಕೆಂದು ಹೋದರು. ನಾವಿಬ್ಬರೇ ಮರಳಿನಲ್ಲಿ ನಡೆಯುತ್ತ ಹೋಟೆಲಿನಿಂದ ದೂರ ಬಂದಿದ್ದೆವು. ಬಿಸಿಲು ಜೋರಿತ್ತು. ನೆರಳಿಗೆಂದು ಒಂದು ದೊಡ್ಡ ಮರದ ಬುಡಕ್ಕೆ ಹೋದೆವು. ಆ ಮರಕ್ಕೆ ಸೊಂಟದ ಎತ್ತರದಲ್ಲಿ ಕೆಂಪು ಪಟ್ಟಿ ಬಳಿದಿದ್ದರು. ನಮ್ಮ ಹೈವೇ ಬದಿಯ ಮರಗಳಿಗೂ ಕೆಂಪು, ಬಿಳಿ ಬಳಿಯುತ್ತಾರಲ್ಲ. "ಕಾಣ್ ಅನ್ವಿ, ಇದೂ ಸರ್ಕಾರದ ಮರ" ಎಂದೆ. ನಿನಗೆ ನಗು ಬಂತು.

ಪಕ್ಕದಲ್ಲಿ ಒಂದು ಬೋರ್ಡ್ ಇತ್ತು. ನಾನು ಓದಲಿಲ್ಲ. ಇಂಗ್ಲಿಷ್ ಬರದೆ ಅಲ್ಲ, ಬೋರ್ಡ್ ಓದುವಷ್ಟು ಬರುತ್ತದೆ. ನಮ್ಮಲ್ಲಿ ಕೋಡಿ, ಬೀಜಾಡಿಯ ಕಡಲ ಬದಿಯಲ್ಲಿ 'ನೀರಿಗಿಳಿಯಬೇಡಿ' ಎಂದು ಬೋರ್ಡ್ ಹಾಕಿದ್ದಾರೆ. ಊರಿನವರು ಯಾರೂ ಅದನ್ನು ಓದುವುದಿಲ್ಲ. ಅದಿರುವುದು ಘಟ್ಟದ ಮೇಲಿಂದ ಬಂದವರಿಗೆ. ಬೋರ್ಡ್ ಮುಂದೆ ನಿಂತು ಓದುವವರನ್ನು ಕಂಡರೆ ನಾವು ನಗಾಡುತ್ತೇವೆ. ಕಡಲ ಬದಿ ಎಂದರೆ ನನ್ನದೇ ಎಂಬ ಸೊಕ್ಕನ್ನು ಅಷ್ಟು ದೂರ ಹೊತ್ತುಕೊಂಡು ಹೋಗಿದ್ದೆ. ಅಲ್ಲಿ ಘಟ್ಟದ ಮೇಲಿನವನು ನಾನೇ ಎಂದು ತಲೆಗೆ ಹೋಗಲಿಲ್ಲ.

ಬುಡದಲ್ಲಿ ಹಣ್ಣು ಬಿದ್ದಿದ್ದವು. ಸಣ್ಣ ಪೇರಳೆಯಷ್ಟು, ಹಸಿರು ಹಳದಿ, ಒಳ್ಳೆಯ ಪರಿಮಳ. ನಿನಗೆ ಹಸಿವಾಗಿತ್ತು. ಮಕ್ಕಳಿಗೆ ಏನು ಕೊಡುವುದಾದರೂ ಮೊದಲು ನಾವು ತಿಂದು ನೋಡಬೇಕು ಎಂದು ನನ್ನ ಅಮ್ಮ ಕಲಿಸಿದ್ದು. ಅದನ್ನು ಮಾತ್ರ ತಪ್ಪದೆ ಮಾಡಿದೆ. ಒಂದು ಹಣ್ಣು ಹೆಕ್ಕಿ, ಅಂಗಿಗೆ ಉಜ್ಜಿ, ಕಚ್ಚಿ ನೋಡಿದೆ. ಸಿಹಿಯಾಗಿತ್ತು. "ಸೀ ಇತ್ತ್ ಕಾಣ್, ತಿನ್" ಎಂದು ಉಳಿದದ್ದನ್ನು ನಿನ್ನ ಕೈಗೆ ಕೊಟ್ಟೆ. ನೀನು ಎರಡೇ ಬಾಯಿಗೆ ತಿಂದು ಮುಗಿಸಿ, "ಇನ್ನೊಂದು" ಎಂದೆ.

ಇನ್ನೊಂದಕ್ಕೆ ಬಗ್ಗಿದಾಗ ನನ್ನ ನಾಲಿಗೆ ಉರಿಯತೊಡಗಿತು. ಮೊದಲು ಕಾಳುಮೆಣಸು ಕಚ್ಚಿದ ಹಾಗೆ, ಆಮೇಲೆ ಕೆಂಡ ಇಟ್ಟ ಹಾಗೆ. ತಿರುಗಿ ನೋಡಿದರೆ ನೀನು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದೆ. ಅಳು ಹೊರಗೆ ಬರುತ್ತಿರಲಿಲ್ಲ. ಎಳನೀರು ಮಾರುತ್ತಿದ್ದ ಹೆಂಗಸೊಬ್ಬಳು ಕೂಗುತ್ತ ಓಡಿ ಬಂದಳು. ಮರ ತೋರಿಸಿದಳು, ಬೋರ್ಡ್ ತೋರಿಸಿದಳು, ನಿನ್ನ ಬಾಯಿಗೆ ನೀರು ಹೊಯ್ದು ಉಗುಳಿಸಿದಳು. ಆಗ ಓದಿದೆ. ಮ್ಯಾಂಚಿನೀಲ್ ಮರ. ಹಣ್ಣು ವಿಷ, ಮರದ ಹಾಲು ವಿಷ, ಮಳೆ ಬಂದರೆ ಕೆಳಗೆ ನಿಲ್ಲುವುದೂ ಅಪಾಯ. ಕೆಂಪು ಪಟ್ಟಿ ಬಳಿದದ್ದು ಹತ್ತಿರ ಬರಬೇಡಿ ಎಂದು ಹೇಳಲು.

ಅವಳೇ ಟ್ಯಾಕ್ಸಿ ನಿಲ್ಲಿಸಿ ನಮ್ಮನ್ನು ಹತ್ತಿಸಿದಳು. ನಾನು ಅಕ್ಕನಿಗೆ ಫೋನ್ ಮಾಡಿ, "ಮಗು ಮರದ ಹಣ್ಣು ಬಾಯಿಗೆ ಹಾಕಿದೆ, ಆಸ್ಪತ್ರೆಗೆ ಬನ್ನಿ" ಎಂದಷ್ಟೇ ಹೇಳಿದೆ. ನಾವು ಡಾಕ್ಟರ ಕೋಣೆಯಲ್ಲಿ ಕೂತ ಸ್ವಲ್ಪ ಹೊತ್ತಿಗೆ ಅವರೂ ಬಂದರು. ಡಾಕ್ಟರು ಹೆಂಗಸು, ಸಾವಧಾನದವರು. ಎಷ್ಟು ತಿಂದಳು, ನೋಡಿದವರು ಯಾರು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಅಳುತ್ತ ಹೇಳಿದಳು: ಇವಳೇ ಹೆಕ್ಕಿರಬೇಕು, ನೆಕ್ಕಿರಬೇಕಷ್ಟೇ, ಗೊತ್ತಿಲ್ಲದ್ದನ್ನು ತಿನ್ನುವ ಮಗುವಲ್ಲ. ಡಾಕ್ಟರ ಮುಖ ಹಗುರವಾಯಿತು. ಬಾಯಿ ಚೆನ್ನಾಗಿ ತೊಳೆಸಿ, ತಣ್ಣಗಿನ ಹಾಲು ಕೊಡಿ, ಹೋಟೆಲ್ ರೂಮಿಗೆ ಕರೆದುಕೊಂಡು ಹೋಗಬಹುದು ಎಂದು ಬರೆಯತೊಡಗಿದರು.

ಭಾವ ನನ್ನನ್ನೇ ನೋಡುತ್ತಿದ್ದರು.  ಡಾಕ್ಟರು ಎರಡು ಸಾಲು ಬರೆದು ಮುಗಿಸುವಷ್ಟು ಹೊತ್ತು ನಾನು ಸುಮ್ಮನಿದ್ದೆ. ಅದನ್ನೂ ನೀನು ತಿಳಿದಿರಬೇಕು.

ಆಮೇಲೆ ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಹಣ್ಣು ಕೊಟ್ಟವನು ನಾನು. ಮೊದಲು ಕಚ್ಚಿದವನೂ ನಾನು. ಇವಳು ನೆಕ್ಕಿದ್ದಲ್ಲ, ಪೂರ್ತಿ ನುಂಗಿದ್ದಾಳೆ. ಬಾಯಿ ತೆರೆದು ನನ್ನ ನಾಲಿಗೆ ತೋರಿಸಿದೆ. ಡಾಕ್ಟರು ಪೆನ್ ಬಿಟ್ಟು ಎದ್ದರು. ನಿನ್ನನ್ನು ಒಳಗೆ ಕರೆದೊಯ್ದು ಮಲಗಿಸಿದರು, ಕೈಗೆ ಸೂಜಿ ಹಾಕಿದರು. ಒಂದು ಗಂಟೆಯೊಳಗೆ ನಿನ್ನ ಗಂಟಲು ಬಾತುಕೊಂಡು ಉಸಿರು ಸೀಟಿಯ ಹಾಗೆ ಕೇಳತೊಡಗಿತು. ಅಷ್ಟರಲ್ಲಿ ಔಷಧಿ, ಆಕ್ಸಿಜನ್ ಎಲ್ಲ ನಿನ್ನ ಹತ್ತಿರವೇ ಇತ್ತು. "ರೂಮಿಗೆ ಕಳಿಸಿದ್ದರೆ..." ಎಂದ ಡಾಕ್ಟರು ಮತ್ತೆ ನಿನ್ನ ಕಡೆ ತಿರುಗಿದರು. ಭಾವ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು. ಸಂಜೆಯವರೆಗೆ ಆ ಸೀಟಿಯ ಸದ್ದನ್ನೇ ಕೇಳುತ್ತ ಮೂವರೂ ಕೂತೆವು. 

ಆಸ್ಪತ್ರೆಯಿಂದ ಮೂರನೇ ದಿನ ನಿನ್ನನ್ನು ಬಿಟ್ಟರು. ನಿನ್ನ ಸ್ವರ ಒಡೆದು, ಮುದುಕಿಯ ಸ್ವರದ ಹಾಗೆ ಆಗಿತ್ತು. ಹೊರಡುವ ಹೊತ್ತಿಗೆ ಭಾವ ನನ್ನನ್ನು ಬದಿಗೆ ಕರೆದರು. "ಸೋದರಮಾವನೇ ವಿಷ ತಿನ್ಸ್ದ ಅಂದ್ರೆ ಊರಗ್ ಜನ ಸುಮ್ನಿರ್ತ್ರಾ? ನಿನ್ನ ಮರ್ಯಾದಿಗೇ ಹೇಳೂದ್ ಮಾರಾಯ. ಮಗು ತಾನೇ ಹೆಕ್ಕಿ ತಿಂದದ್ದ್, ಅಷ್ಟೇ. ಬಾಯ್ ಬಿಟ್ರೆ ಕಿವಿ ಚುಚ್ಚುಕೆ ಅನೂಪನ್ ಕೂರ್ಸ್ತೆ." ಅನೂಪ್ ನಮ್ಮ ಚಿಕ್ಕಮ್ಮನ ಮಗ, ವರಸೆಯಲ್ಲಿ ನಿನಗೆ ಮಾವನೇ, ಬ್ಯಾಂಕಿನಲ್ಲಿದ್ದಾನೆ. ನಾನು ತಲೆಯಾಡಿಸಿದೆ. ಸುಳ್ಳು ಹೇಳುವುದಿಲ್ಲ, ಸುಮ್ಮನಿರುತ್ತೇನೆ ಅಷ್ಟೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಊರಿನವರ ಬಾಯಿ ಮುಚ್ಚಿಸಲು ಆಡಿದ ಮಾತನ್ನು ನಿನ್ನ ಎದುರೂ ಆಡುತ್ತಾರೆ, ನೀನು ಅದನ್ನೇ ನಂಬುತ್ತೀ ಎಂದು ಯೋಚಿಸಲಿಲ್ಲ.

ಮೊನ್ನೆ ಭಾನುವಾರ ನೀವು ಊರಿಗೆ ಬಂದದ್ದು ತಿಳಿದು ಬ್ರಹ್ಮಾವರಕ್ಕೆ ಬಂದೆ. ದಾರಿಯಲ್ಲಿ ಕುಂಭಾಶಿಯಲ್ಲಿ ಇಳಿದು ದೇವಸ್ಥಾನದಿಂದ ಪಂಚಕಜ್ಜಾಯ ತಂದಿದ್ದೆ, ಬಾಳೆಹಣ್ಣೂ ಇತ್ತು. ನಿನ್ನ ಮುಂದೆ ಹಿಡಿದರೆ ನೀನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಹಣ್ಣು ಕಂಡರೆ ಈಗ ಹೀಗೇ ಮಾಡುತ್ತಾಳೆ ಎಂದಳು ಅಕ್ಕ. ನೀನು ನನ್ನ ಹತ್ತಿರ ಬಂದು, ಅದೇ ಒಡೆದ ಸ್ವರದಲ್ಲಿ ಹೇಳಿದೆ: "ಮಾವ, ನಾನು ಕೆಟ್ಟ ಹಣ್ಣು ಹೆಕ್ಕಿದೆ ಅಲ್ವಾ. ನಿನ್ನ ಬಾಯಿ ಕೂಡ ಸುಟ್ಟೋಯ್ತು. ಸಾರಿ."

ನಾಲ್ಕೂವರೆ ವರ್ಷದ ನೀನು ನನ್ನ ಬಾಯಿ ಸುಟ್ಟದ್ದನ್ನೂ ನಿನ್ನ ತಲೆಯ ಮೇಲೆ ಹಾಕಿಕೊಂಡಿದ್ದೆ. ಭಾವ ಅಲ್ಲೇ ಕುರ್ಚಿಯಲ್ಲಿದ್ದರು. ನನಗೆ ಬುಧವಾರ ಕಿವಿ ಚುಚ್ಚುವಾಗ ನೀನು ಕೂರಬೇಕಾದ ಮಡಿಲು ಕಣ್ಣ ಮುಂದೆ ಬಂತು. "ಬಸ್ಸಿಗೆ ಹೊತ್ತಾಯ್ತ್" ಎಂದು ಎದ್ದು ಹೋದೆ. ಯಾವ ಬಸ್ಸಿಗೂ ಹೊತ್ತಾಗಿರಲಿಲ್ಲ. ನನಗೆ ನೆನಪಿರುವ ಹಾಗೆ ನಾನು ನಿನಗೆ ಹೇಳಿದ ಸುಳ್ಳು ಅದೊಂದೇ.

ಸೋಮವಾರ ಪೂರ್ತಿ ಬೀಜಾಡಿಯ ಮರಳಿನಲ್ಲಿ ಸುಮ್ಮನೆ ತಿರುಗಾಡಿದೆ. ಈ ದಿನ ಬೆಳಿಗ್ಗೆ ಮತ್ತೆ ಬಂದೆ. ಭಾವನ ಜೊತೆ ನೆಂಟರಿಬ್ಬರು ಚಾ ಕುಡಿಯುತ್ತಿದ್ದರು. ನಿನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಅನ್ವಿ, ಆ ಹಣ್ಣ್ ಹೆಕ್ಕಿದ್ದ್ ನೀನಲ್ಲ. ನಾನ್. ಕಚ್ಚಿ ನಿನ್ನ ಕೈಗ್ ಕೊಟ್ಟದ್ದೂ ನಾನೇ. ನಿಂದ್ ಎಂತ ತಪ್ಪೂ ಇಲ್ಲೆ."

"ಪ್ರಖ್ಯಾತ್!" ಎಂದು ಭಾವ ಎದ್ದರು. ನೆಂಟರು ಲೋಟ ಕೆಳಗಿಟ್ಟರು. ನೀನು ಯಾರನ್ನೂ ನೋಡಲಿಲ್ಲ, ನನ್ನನ್ನೇ ನೋಡಿದೆ. ನೀನು ಕೇಳಿದೆ: "ಮತ್ತೆ ನೀನು ಯಾಕೆ ಸಾರಿ ಹೇಳಲಿಲ್ಲ?"

 ಡಾಕ್ಟರಿಗೆ ನಿಜ ಹೇಳಿದೆ ಎಂದು ಮೂರು ತಿಂಗಳು ಒಳಗೊಳಗೇ ಹೆಮ್ಮೆಪಟ್ಟುಕೊಂಡಿದ್ದೆ. ಸಾರಿ ಎಂಬ ಒಂದು ಮಾತನ್ನು ನಿನಗಾಗಲಿ, ಅಕ್ಕನಿಗಾಗಲಿ, ಭಾವನಿಗಾಗಲಿ ಹೇಳಿರಲೇ ಇಲ್ಲ. ಅಲ್ಲೇ ಮೂವರಿಗೂ ಹೇಳಿದೆ. ನೀನು "ಆಯ್ತು" ಎಂದು ಬೆಕ್ಕಿನ ಹಿಂದೆ ಓಡಿದೆ. ಭಾವ ಮಾತ್ರ ಅಲುಗಾಡದೆ ನಿಂತು, "ನಾಳೆ ಅನೂಪ ಕೂಕಂತ. ನೀ ಬಂದ್ ಉಂಡ್ಕಂಡ್ ಹೋಗ್" ಎಂದರು. ಗೇಟಿನವರೆಗೆ ಬಂದ ಅಕ್ಕ ಕೇಳಿದಳು, "ನಿಂಗ್ ಹೆದ್ರಿಕಿ ಆಯ್ಲಿಲ್ಯನಾ?" ಆಯ್ತು ಎಂದೆ.

ನಾಳೆ ಬರುತ್ತೇನೆ. ಅನೂಪನ ಕೈ ಗಟ್ಟಿ, ನಿನ್ನನ್ನು ಸರಿಯಾಗಿ ಹಿಡಿದುಕೊಳ್ಳುತ್ತಾನೆ. ನಾನು ಅಂಗಳದಲ್ಲಿ ಜನರ ಹಿಂದೆ ನಿಂತಿರುತ್ತೇನೆ. ನೀನು ಅಳುವಾಗ ನನಗೆ ಹೊಟ್ಟೆಕಿಚ್ಚಾಗುತ್ತದೆ, ಆಗುವುದಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಈ ಕಾಗದವನ್ನು ಬೀಜಾಡಿಯಲ್ಲಿ ನಿನ್ನ ಅಜ್ಜಿ ಕುಸುಮಾವತಿಯ ಕೈಯಲ್ಲಿ ಕೊಟ್ಟಿರುತ್ತೇನೆ. ನಿನಗೆ ಕನ್ನಡ ಓದಲು ಬಂದ ದಿನ ಕೇಳಿ ತೆಗೆದುಕೋ. ಕೊಟ್ಟವನನ್ನು ನಂಬಿ ನೀನು ತಿಂದೆ. ನಂಬಿದ್ದಕ್ಕೆ ಯಾರಲ್ಲಿಯೂ ಸಾರಿ ಕೇಳಬೇಡ.

ನಿನ್ನ ಸ್ವರ ಮೊದಲಿನ ಹಾಗೆ ಗಟ್ಟಿಯಾಗಲಿ, ದೊಡ್ಡವರು ಉತ್ತರ ಹುಡುಕಬೇಕಾದ ಪ್ರಶ್ನೆಗಳನ್ನು ನೀನು ಹೀಗೇ ಕೇಳುತ್ತಿರು.

ಮಡಿಲು ಸಿಗದಿದ್ದರೂ ನಿನ್ನ ಮಾವನೇ ಆದ,
ಪ್ರಖ್ಯಾತ್
ಬೀಜಾಡಿ, ಮಂಗಳವಾರ ಸಂಜೆ