ಖಾಲಿ ಬಿಟ್ಟ ಕಾಲಂ

ಅಪ್ಪಾ,

ಕ್ರೈಸ್ತ ಸಂಘಗಳಿಗೆ ಅನುದಾನ ಕೊಡುವ ನಮ್ಮ ಟ್ರಸ್ಟಿಗೆ ಇವತ್ತು ನಿವೃತ್ತ ನರ್ಸಮ್ಮ ಒಬ್ಬರು ಬಂದಿದ್ದರು. ಅವರ ಸಣ್ಣ ಸಂಘ ಆಸ್ಪತ್ರೆಯಲ್ಲಿ ರೋಗಿಗಳ ಪಕ್ಕ ಕೂತು ಬೈಬಲ್ ಓದುತ್ತದೆ, ಪ್ರಾರ್ಥನೆ ಕಲಿಸುತ್ತದೆ. ಅರ್ಜಿಯಲ್ಲಿ, ಎಷ್ಟು ಜನರಿಗೆ ಪ್ರಯೋಜನವಾಯಿತು ಎಂಬ ಕಾಲಂ ಖಾಲಿಯಿತ್ತು. ನೀವು ತೀರಿಕೊಂಡ ವರ್ಷ ಆ ಸಂಘದವರು ತಂದಿದ್ದ ಅರ್ಜಿಯಲ್ಲೂ ಅದು ಖಾಲಿಯೇ ಇತ್ತು, ದಾಕ್ಷಿಣ್ಯವಿಲ್ಲದೆ ತಿರಸ್ಕರಿಸಿದ್ದೆ.

"ಇದನ್ನ ಶುರು ಮಾಡಿದೋರು ಒಬ್ಬ ಬಡಗಿ, ಮೇಡಂ," ಎಂದರು ಆಕೆ. "ಅನುದಾನ ಸಿಗಲಿಲ್ಲ ಅಂತ ನಾವು ಗೊಣಗಿದ್ರೆ, 'ಅಲ್ಲಿ ನನ್ನ ಮಗಳಿದ್ದಾಳೆ, ನ್ಯಾಯ ಬಿಟ್ಟು ನಡೆಯೋಳಲ್ಲ' ಅನ್ನೋರು."

ಆ ಬಡಗಿ ನೀವೇ, ಅಪ್ಪಾ; ಆ ಸಂಘ ನಿಮ್ಮದೆಂದು ನನಗೆ ಒಮ್ಮೆಯೂ ಹೇಳಿರಲಿಲ್ಲ. ಮಂಜೂರಾತಿಗೆ ಸಹಿ ಹಾಕಿದೆ.

"ಒಂದು ಪ್ರಾರ್ಥನೆ ಮಾಡೋಣ್ವಾ?" ಎಂದು ಆಕೆ ಕೈಜೋಡಿಸಿದರು. ನೀವು ಕಲಿಸಿದ ಮಾತುಗಳೇ; ನಾನೂ ದನಿಗೂಡಿಸಿದೆ. ಕ್ಷಮೆ ಕೇಳುವ ಸಾಲಿನಲ್ಲಿ ನನ್ನ ದನಿ ನಿಂತುಹೋಯಿತು. ಆಕೆ ಮುಂದಕ್ಕೆ ಹೋಗದೆ, ಕಣ್ಣು ಮುಚ್ಚಿಕೊಂಡೇ ನನಗಾಗಿ ಕಾದರು.