ಬಾಗಿಲ ಮುಂದಿನ ಬೆಂಚು ಎಲ್ಲಿ ಹೋಯಿತು?

ಮಾನ್ಯ ವಾರ್ಡ್ ಸದಸ್ಯರೇ,

ಹೇಗಿದ್ದೀರಿ? ನಿಮ್ಮ ಮನೆಯವರ ಬೆನ್ನುನೋವು ಇಳಿಯಿತೇ? ಚಿಕ್ಕವಳ ಕೆಮ್ಮು? ನಿಮ್ಮ ಹೊಸ ತಿರುಗುಕುರ್ಚಿ ಕ್ಷೇಮವೇ? ನನ್ನ ಮೊಣಕಾಲು ಮಾತ್ರ ಕ್ಷೇಮವಾಗಿಲ್ಲ, ಅದಕ್ಕೆ ಕಾರಣ ನೀವು. ಹೋದ ಮಂಗಳವಾರ ನಿಮ್ಮ ಕಚೇರಿ ಬಾಗಿಲಲ್ಲಿ ಎರಡು ಗಂಟೆ ನಿಂತೆ. ಅಲ್ಲಿದ್ದ ಉದ್ದನೆಯ ಬೆಂಚು ಕಾಣೆಯಾಗಿದೆ.

ಮನೆಯಲ್ಲಾದರೆ ತಮ್ಮನಿಗೆ ‘ನೀನು’ ಎನ್ನುತ್ತೇನೆ. ಇದು ನಾಲ್ಕು ಜನ ಓದುವ ಕಾಗದ, ಆದ್ದರಿಂದ ಬಹುವಚನ. ಸಾಲಿನಲ್ಲಿ ನಿಂತವರಿಗೆ ಓದಲು ಏನಾದರೂ ಬೇಕಲ್ಲವೇ? ಅದಕ್ಕೇ ಇದನ್ನು ನಿಮ್ಮ ಬಾಗಿಲ ಪಕ್ಕದ ಗೋಡೆಗೇ ಅಂಟಿಸುತ್ತಿದ್ದೇನೆ.

ಬೆಂಚಿನ ವಿಷಯ ನಿಮ್ಮ ಸಹಾಯಕರನ್ನು ಕೇಳಿದೆ.

“ತೆಗೆಸಿಬಿಟ್ವಿ ಅಮ್ಮ. ಕೂರಕ್ಕೆ ಜಾಗ ಕೊಟ್ರೆ ಜನ ಏಳೋದೇ ಇಲ್ಲ. ಕೆಲಸ ನಿಧಾನ ಆಗುತ್ತೆ.”

“ನಿಮ್ಮ ಸಾಹೇಬ್ರಿಗೆ ಗೊತ್ತೇನಪ್ಪಾ ಇದು?”

“ಅವರೇ ಹೇಳಿದ್ದು.”

ಈ ಮಾತನ್ನು ನಾವಿಬ್ಬರೂ ಮೊದಲು ಎಲ್ಲಿ ಕೇಳಿದ್ದೆವು, ನೆನಪಿದೆಯೇ? ಸಾಬೂನು ಕಾರ್ಖಾನೆಯ ಪ್ಯಾಕಿಂಗ್ ಹಾಲಿನಲ್ಲಿ. ನಾವು ಇಪ್ಪತ್ತೆರಡು ಹೆಂಗಸರು ದಿನಕ್ಕೆ ಒಂಬತ್ತು ಗಂಟೆ ನಿಂತು ಸಾಬೂನಿಗೆ ಕಾಗದ ಸುತ್ತುತ್ತಿದ್ದೆವು. ಸಂಜೆ ಹೊತ್ತಿಗೆ ಕಾಲು ಊದಿ ಚಪ್ಪಲಿ ಹತ್ತುತ್ತಿರಲಿಲ್ಲ. ಕೈಯಲ್ಲಿ ಹಿಡಿದು ಮನೆಗೆ ನಡೆಯುತ್ತಿದ್ದೆವು. ನೀವಾಗ ಪೆಟ್ಟಿಗೆ ಹೊರುವ ಆಳು. ಸ್ಟೂಲು ಕೇಳಿದ್ದಕ್ಕೆ ಮ್ಯಾನೇಜರು, “ಕೂತ್ರೆ ಕೈ ನಿಧಾನ ಆಗುತ್ತೆ” ಅಂದರು. “ಹಾಗಾದ್ರೆ ನೀವೂ ನಿಂತೇ ಸಹಿ ಹಾಕಿ ಸಾರ್, ಬೇಗ ಆಗುತ್ತೆ” ಅಂದಿರಿ ನೀವು. ಅಷ್ಟಕ್ಕೇ ನಿಮ್ಮ ಕೆಲಸ ಹೋಯಿತು. ನಿಮ್ಮ ಹಿಂದೆಯೇ ನಾವೆಲ್ಲ ಹೊರಬಂದು ಗೇಟಿನ ಮುಂದೆ ಹನ್ನೊಂದು ದಿನ ಕೂತೆವು. ಹನ್ನೆರಡನೆಯ ದಿನ ನೀವೂ ಒಳಗೆ, ಸ್ಟೂಲುಗಳೂ ಒಳಗೆ. ಒಂದೊಂದರ ಮೇಲೂ ಕೂತು, ಅಲ್ಲಾಡಿಸಿ ನೋಡಿ, ಕುಂಟುತ್ತಿದ್ದ ಮೂರನ್ನು ವಾಪಸು ಕಳಿಸಿದಿರಿ. ಮುಂದೆ ಚುನಾವಣೆಯಲ್ಲಿ ಅದೇ ಸ್ಟೂಲಿನ ಚಿತ್ರ ಬರೆದು ಬೀದಿಬೀದಿಯಲ್ಲಿ ಓಟು ಕೇಳಿದವರು ನಾವೇ.

ನಿಮಗೀಗ ಕೆಲಸ ಹೆಚ್ಚು, ಒಪ್ಪುತ್ತೇನೆ. ಬೆಳಿಗ್ಗೆ ಕೊಳಾಯಿ, ಮಧ್ಯಾಹ್ನ ಕಸ, ಸಂಜೆ ಭಾಷಣ. ಆದರೆ ಜನರನ್ನು ನಿಲ್ಲಿಸಿದರೆ ಬೇಗ ಮುಗಿಯುವುದು ಅವರ ಕೆಲಸವೋ, ತಾಳ್ಮೆಯೋ? ನಾನು ಬಂದದ್ದು ನಮ್ಮ ಬೀದಿಯ ಚರಂಡಿ ಚಪ್ಪಡಿ ಒಡೆದಿದೆ ಎಂದು ಹೇಳಲು. ನನ್ನ ಮುಂದೆ ಹದಿನಾಲ್ಕು ಜನ. ಅವರಲ್ಲೊಬ್ಬಳು ತುಂಬು ಬಸುರಿ, ಗೋಡೆಗೆ ಒರಗಿಕೊಂಡಿದ್ದಳು. ಕೊನೆಗೆ ನನ್ನ ಮೊಣಕಾಲು ಕೈಕೊಟ್ಟಿತು. ಹೇಳದೆಯೇ ಮನೆಗೆ ಹೋದೆ. ಚಪ್ಪಡಿ ಒಡೆದೇ ಇದೆ. ನಿಮ್ಮ ಪುಸ್ತಕದಲ್ಲಿ ಮಾತ್ರ ಆ ದಿನ ಒಂದು ದೂರು ಕಡಿಮೆ, ಅಭಿನಂದನೆಗಳು.

ಬರುವ ಸೋಮವಾರದೊಳಗೆ ಆ ಬೆಂಚು ಬಾಗಿಲಿಗೆ ಬರಬೇಕು. ಮೊದಲು ನೀವೇ ಕೂತು ಅಲ್ಲಾಡಿಸಿ ನೋಡಬೇಕು. ಬಾರದಿದ್ದರೆ, ನಿವೃತ್ತಿಯ ದಿನ ನನಗೆ ಕೊಟ್ಟ ಸ್ಟೂಲು ಅಟ್ಟದ ಮೇಲಿದೆ, ಇಳಿಸುತ್ತೇನೆ. ಹಳೆಯ ಗೆಳತಿಯರಿಗೂ ಹೇಳಿದ್ದೇನೆ. ಇಪ್ಪತ್ತೆರಡರಲ್ಲಿ ಹತ್ತೊಂಬತ್ತು ಜನ ಉಳಿದಿದ್ದೇವೆ. ಬಾಗಿಲಲ್ಲಿ ಕೂರುವುದು ಹೇಗೆಂದು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಬೇಗ ಉತ್ತರ ಬರಿ. ಸಹಾಯಕರ ಕೈಲಿ ಬರೆಸಬೇಡ, ನಿನ್ನ ಅಕ್ಷರ ನನಗೆ ಗೊತ್ತು. ಬೇಕಾದರೆ ನಿಂತೇ ಬರಿಯಪ್ಪಾ, ಬೇಗ ಆಗುತ್ತದೆ.

ಇಂತಿ,
ಕೂತು ಬರೆಯುತ್ತಿರುವ
ನಿನ್ನ ಅಕ್ಕ