ಹಸಿ ಮರ ತಟ್ಟಿದ ಉಂಗುರ

ಗಿರಣಿಕೇರಿ
ಫೆಬ್ರವರಿ ಮೂವತ್ತು, 2203

ನೀಲಗಂಗವ್ವನವರಿಗೆ, ನಿಮ್ಮ ಮರಿಮೊಮ್ಮಗಳ ಮರಿಮೊಮ್ಮಗಳು ಬಾಳವ್ವ ಬರೆಯುವುದು.

ನಿಮ್ಮ ಫೆಬ್ರವರಿಯಲ್ಲಿ ಮೂವತ್ತು ಇಲ್ಲ, ನಮ್ಮದರಲ್ಲಿದೆ. ನನ್ನ ಕೆಲವು ಮಾತುಗಳೂ ಹಾಗೇ ವಿಚಿತ್ರ ಕಂಡಾವು, ಮನ್ನಿಸಿ. ಈ ಕಾಗದ ನಿಮ್ಮ ಕಾಲಕ್ಕೆ ಮುಟ್ಟುವಾಗ ನಿಮಗೆ ಮೂವತ್ತು, ನನಗೆ ಎಪ್ಪತ್ತು ದಾಟಿದೆ. ಆದರೂ ಹಿರಿಯರು ನೀವೇ. ಅದಕ್ಕೇ ಬಯ್ಯುವುದನ್ನೂ ಬಹುವಚನದಲ್ಲೇ ಬಯ್ಯುತ್ತೇನೆ.

ಇಲ್ಲಿ ಕಲ್ಲಿದ್ದಲನ್ನು ಕಂಡವರಿಲ್ಲ. ಮನೆಯ ಒಲೆಗೂ, ನೇಕಾರರ ಬಣ್ಣದ ಹಂಡೆಗೂ, ಆಸ್ಪತ್ರೆಯ ಬಾಯ್ಲರಿಗೂ ಕಟ್ಟಿಗೆಕಾಳೇ ಗತಿ. ದಿಮ್ಮಿಯನ್ನು ಸಿಗಿದು, ಒಣಗಿಸಿ, ಪುಡಿಮಾಡಿ ತೂತಿನ ಅಚ್ಚಿನಲ್ಲಿ ಒತ್ತಿದರೆ ಬೆರಳ ತುದಿಯಷ್ಟು ತುಂಡುಗಳು ಬೀಳುತ್ತವೆ. ಬೇರೆ ಅಂಟು ಬೇಕಿಲ್ಲ, ಮರದೊಳಗಿನದೇ ಬಿಸಿಗೆ ಕರಗಿ ಹಿಡಿಯುತ್ತದೆ. ಬಡವರಿಗೂ ಎಟಕುವ ಅಗ್ಗದ ಬೆಂಕಿ. ಈ ಕಾಳು ಒತ್ತುವ ಗಿರಣಿ ಹಾಕಿದವರು ನೀವೆಂಬ ಹೆಮ್ಮೆ ನನಗಿತ್ತು.

ನೀವೇ ಮಾಡಿದ ಕಟ್ಟಳೆಯೂ ಇದೆ: ನಿಂತಲ್ಲೇ ಒಣಗಿದ ಮರವಷ್ಟೇ ಗಿರಣಿಗೆ. ನಮ್ಮ ಮನೆತನದ ಇಬ್ಬರು ಹೆಂಗಸರು ಹೆಬ್ಬೆರಳಿಗೆ ಕಬ್ಬಿಣದುಂಗುರ ಹಾಕಿ ಮರ ತಟ್ಟಬೇಕು. ಒಣಮರ ಠಣ್ ಎನ್ನುತ್ತದೆ, ಹಸಿಮರ ದಬ್ ಎನ್ನುತ್ತದೆ. ತಟ್ಟಿದವರ ಮಾತಿಲ್ಲದೆ ಕೊಡಲಿ ಏಳದು. ಇಬ್ಬರ ಮಾತು ಬೇರೆಯಾದರೆ, ನೀವು ಹಿಂದೆ ಮಾಡಿದ್ದೇ ತೀರ್ಪು ಎಂದು ಊರು ಆಮೇಲೆ ಸೇರಿಸಿದೆ.

ಈ ವರ್ಷ ಒಣಮರ ಸಾಲಲಿಲ್ಲ. ಉಳಿದ ದೊಡ್ಡ ಮರ ಬೀಜದ ಮರವೊಂದೇ. ಗುಡ್ಡದ ಸಸಿಗಳೆಲ್ಲ ಆ ಮುದಿ ಮತ್ತಿಮರದ ಬೀಜದ ಮಕ್ಕಳು. ನಿನ್ನೆ ಊರಿನೆದುರು ನನ್ನ ತಂಗಿ ಚಂಪವ್ವ ಅದನ್ನು ತಟ್ಟಿದಳು. ದಬ್ ಎಂದದ್ದು ದನ ಕಾಯುವವರಿಗೂ ಕೇಳಿಸಿತು.

"ಒಣಗೇತಿ," ಅಂದಳು.

"ಕಿವ್ಯಾಗ ಹತ್ತಿ ಇಟ್ಕೊಂಡೀಯೇನ?" ಅಂದೆ.

"ಗಿರಣಿ ನಿಂತ್ರ ಊರ ಒಲಿ ಆರ್ತಾವಕ್ಕಾ. ನೀಲಗಂಗವ್ವನೂ ಹಿಂಗ ಅಂದಿದ್ಲಲ್ಲ? ಆಕಿ ಹಾಡು ವರ್ಷಾ ನೀನ ಹಾಡ್ತಿ!"

ಊರು ನಕ್ಕಿತು. ಅವಳು ಹೇಳಿದ್ದು ನಿಜ. ಮೊದಲ ವರ್ಷವೇ, ಆಸ್ಪತ್ರೆಯ ಬಾಯ್ಲರ್ ಆರದಿರಲೆಂದು, ನೀವು ಹಸಿಮರವನ್ನು ಒಣಗಿದೆ ಎಂದಿರಿ. ಜಾಣೆ ಎಂದು ನಿಮ್ಮ ಮೇಲೆ ಹಾಡು ಕಟ್ಟಿದರು. ಅಂದಿನಿಂದ ಕೊರತೆ ಬಂದಾಗೆಲ್ಲ ಅದೇ ನೆಪ. ಎರಡು ಗುಡ್ಡ ಬೋಳಾದವು. ನಿನ್ನೆಯೂ ನಮ್ಮಿಬ್ಬರ ಮಾತು ಬೇರೆಯಾಗಿ, ನೀವು ಮಾಡಿದ್ದೇ ತೀರ್ಪಾಯಿತು: ಮತ್ತಿಗೆ ಕೊಡಲಿ. ತಂಗಿ ಕೈಬಿಟ್ಟದ್ದನ್ನು ನುಂಗಿಕೊಂಡೇನು. ಅವಳ ಬಾಯಿಗೆ ಆ ಮಾತು ಇಟ್ಟವರು ನೀವು.

ಈ ಕಾಗದ ಓದುವ ಹೊತ್ತಿಗೆ ಆ ಮೊದಲ ಹಸಿಮರವನ್ನು ನೀವಿನ್ನೂ ತಟ್ಟಿರುವುದಿಲ್ಲ. ತಟ್ಟಿದಾಗ ಕೇಳಿಸಿದ್ದನ್ನೇ ಹೇಳಿ. ಬಾಯ್ಲರ್ ಒಂದು ದಿನ ಆರಲಿ. ಜನ ಬಯ್ಯಲಿ, ತಂಗಳ ರೊಟ್ಟಿ ತಿನ್ನಲಿ.

ನಾಳೆ ಬೆಳಗ್ಗೆ ಕೊಡಲಿ ಹಿಡಿದವರು ಮತ್ತಿಯ ಬುಡಕ್ಕೆ ನಿಮ್ಮ ಹಾಡು ಹಾಡುತ್ತಲೇ ಬರುತ್ತಾರೆ. ನೀವು ಮಾತು ಬದಲಿಸಿದ್ದರೆ ಹಾಡೂ ಬದಲಾಗಿರುತ್ತದೆ; ಅದು ಯಾವ ಹಾಡೆಂದು ನಾನು ಮರಕ್ಕೆ ಬೆನ್ನು ಕೊಟ್ಟು ಕುಳಿತು ಕೇಳುತ್ತೇನೆ.

ಬಾಳವ್ವ